ತೊಡೆಗೇ ಯಾಕೆ ಚುಚ್ಚಿದರು?

ಹಾಸನದ ತುರ್ತು ಚಿಕಿತ್ಸಾ ವಿಭಾಗದಲ್ಲಿ ಕೂತ ನನಗೆ ಒಂದು ದೂರು ಮತ್ತೆ ಮತ್ತೆ ಕೇಳಿಬರುತ್ತದೆ. ಸ್ಟ್ರೆಚರ್ ಬಾಗಿಲು ದಾಟುವ ಮೊದಲೇ ಮನೆಯವರು ಶುರು ಮಾಡುತ್ತಾರೆ. "ಸಕಲೇಶಪುರದಿಂದ ಇಲ್ಲೀತನಕ ಬಂದ್ವಿ ಮೇಡಂ, ಒಂದು ಡ್ರಿಪ್ಪೂ ಹಾಕ್ಲಿಲ್ಲ. ಸುಮ್ನೆ ಮಾತ್ರೆ ಅಗಿಸಿ ಕರ್ಕೊಂಡು ಬಂದ್ರು."

ಅವರ ಸಂಕಟ ನನಗೆ ಅರ್ಥವಾಗುತ್ತದೆ. ಬಾಟಲಿ ನೇತಾಡುತ್ತಿದ್ದರೆ, ಕೈಗೆ ಸೂಜಿ ಇದ್ದರೆ ಮಾತ್ರ ಚಿಕಿತ್ಸೆ ನಡೆಯುತ್ತಿದೆ ಎಂಬ ಭಾವನೆ ನಮ್ಮಲ್ಲಿ ಬೇರೂರಿದೆ. ಆದರೆ ಓಡುವ ಆಂಬುಲೆನ್ಸ್ ಗಾಡಿಯಲ್ಲಿ ಮದ್ದು ಮೈಯೊಳಗೆ ಹೋಗಲು ಹಲವು ದಾರಿಗಳಿವೆ. ಬಾಯಿ, ಮೂಗು, ಶ್ವಾಸ, ತೊಡೆ, ಕೊನೆಗೆ ರಕ್ತನಾಳ. ಯಾವ ಮದ್ದು ಯಾವ ದಾರಿಯಲ್ಲಿ ಹೋಗಬೇಕು ಎನ್ನುವುದೇ ಅರ್ಧ ಚಿಕಿತ್ಸೆ. ದಾರಿ ತಪ್ಪಿದರೆ ಸರಿಯಾದ ಮದ್ದೂ ಕೆಲಸಕ್ಕೆ ಬರುವುದಿಲ್ಲ.

ನಮ್ಮ ರಾಜ್ಯದಲ್ಲಿ 108 ಸೇವೆ ಶುರುವಾದದ್ದು 2008ರಲ್ಲಿ. ಗಾಡಿಯಲ್ಲಿ ಇಬ್ಬರು ಇರುತ್ತಾರೆ. ಓಡಿಸುವವರು ಪೈಲಟ್, ಹಿಂದೆ ರೋಗಿಯ ಪಕ್ಕ ಕೂರುವವರು ಇಎಂಟಿ, ಅಂದರೆ ತುರ್ತು ವೈದ್ಯಕೀಯ ತಂತ್ರಜ್ಞರು. ಇಎಂಟಿ ಡಾಕ್ಟರ್ ಅಲ್ಲ. ಕಲಿತ ನಿಯಮದಂತೆ ಕೆಲಸ ಮಾಡುತ್ತಾರೆ, ಬೇಕಾದಾಗ ಫೋನಿನಲ್ಲಿ ಡಾಕ್ಟರನ್ನು ಕೇಳುತ್ತಾರೆ. ಎಲ್ಲ ಗಾಡಿಗಳಲ್ಲೂ ಎಲ್ಲ ಔಷಧಿ ಇರುವುದಿಲ್ಲ.

ಮೊದಲು ಆ ಮಾತ್ರೆಯ ವಿಷಯ. ಎದೆನೋವು ಹೃದಯದ್ದು ಎಂಬ ಅನುಮಾನ ಬಂದರೆ 300 ಅಥವಾ 325 ಮಿಲಿಗ್ರಾಂ ಆಸ್ಪಿರಿನ್ ಕೊಡುತ್ತಾರೆ. ಅದನ್ನು ಇಡಿಯಾಗಿ ನುಂಗಬಾರದು, ಚೆನ್ನಾಗಿ ಅಗಿಯಬೇಕು. ಅಗಿದರೆ ಕೆಲವೇ ನಿಮಿಷಗಳಲ್ಲಿ ರಕ್ತಕ್ಕೆ ಸೇರಿ, ಹೆಪ್ಪು ದೊಡ್ಡದಾಗದಂತೆ ತಡೆಯಲು ಶುರು ಮಾಡುತ್ತದೆ. ಹೃದಯಾಘಾತದಲ್ಲಿ ಜೀವ ಉಳಿಸುತ್ತದೆ ಎಂದು ಸಾಬೀತಾಗಿರುವ ಮದ್ದುಗಳಲ್ಲಿ ಇಷ್ಟು ಅಗ್ಗದ್ದು ಇನ್ನೊಂದಿಲ್ಲ. ಆಸ್ಪಿರಿನ್ ಅಲರ್ಜಿ ಇದ್ದರೆ ಅಥವಾ ಹೊಟ್ಟೆಯಲ್ಲಿ ರಕ್ತಸ್ರಾವ ಆಗುತ್ತಿದ್ದರೆ ಕೊಡುವುದಿಲ್ಲ. ಬಾಯಿ ಸೊಟ್ಟಗಾಗಿ ಕೈಕಾಲು ಬಿದ್ದವರಿಗೂ ಕೊಡುವುದಿಲ್ಲ. ಮೆದುಳಿನಲ್ಲಿ ರಕ್ತನಾಳ ಕಟ್ಟಿಕೊಂಡಿದೆಯೋ ಒಡೆದಿದೆಯೋ ಎನ್ನುವುದು ಸ್ಕ್ಯಾನ್ ಮಾಡದೆ ಗೊತ್ತಾಗುವುದಿಲ್ಲ. ಪಾರ್ಶ್ವವಾಯು ಆದವರಿಗೆ ಮನೆಯಲ್ಲಿ ಬಿಪಿ ಮಾತ್ರೆಯನ್ನೂ ಹೆಚ್ಚಿಗೆ ಕೊಡಬೇಡಿ. ಅವರಿಗೆ ಬೇಕಾದದ್ದು ಸ್ಕ್ಯಾನ್ ಇರುವ ಆಸ್ಪತ್ರೆ, ಅದೂ ನಾಲ್ಕೂವರೆ ಗಂಟೆಯೊಳಗೆ.

ನಾಲಿಗೆ ಕೆಳಗೆ ಇಡುವ ಸೋರ್ಬಿಟ್ರೇಟ್ ಬೇರೆಯೇ ಕಥೆ. 2025ರ ಜೂನ್, ಜುಲೈನಲ್ಲಿ ನಮ್ಮ ಜಿಲ್ಲೆಯ ಹೃದಯಾಘಾತದ ಸುದ್ದಿಗಳು ಎಲ್ಲ ಕಡೆ ಹರಿದಾಡಿದಾಗ ಎಷ್ಟೋ ಜನ ಇದನ್ನು ಜೇಬಿನಲ್ಲಿ ಇಟ್ಟುಕೊಳ್ಳಲು ಶುರು ಮಾಡಿದರು. ಎದೆ ಹಿಡಿದ ಹಾಗೆ ಅನ್ನಿಸಿದ ಕೂಡಲೇ ಒಂದು, ಆಮೇಲೆ ಇನ್ನೊಂದು. ಇದು ರಕ್ತನಾಳಗಳನ್ನು ಸಡಿಲ ಮಾಡುವ ಮದ್ದು. ಬಿಪಿ ಮೊದಲೇ ಇಳಿದಿದ್ದರೆ ಇನ್ನೂ ಕುಸಿಯುತ್ತದೆ, ನಿಂತವರು ಬಿದ್ದೇಬಿಡುತ್ತಾರೆ. ಹಾಗಾಗಿ ಇಎಂಟಿ ಮೊದಲು ಬಿಪಿ ನೋಡುತ್ತಾರೆ. ಮೇಲಿನ ಅಂಕಿ 100ಕ್ಕಿಂತ ಕಡಿಮೆ ಇದ್ದರೆ ಮುಟ್ಟುವುದಿಲ್ಲ. ಲೈಂಗಿಕ ಶಕ್ತಿಗೆಂದು ಸಿಲ್ಡೆನಾಫಿಲ್‌ನಂಥ ಮಾತ್ರೆ ತೆಗೆದುಕೊಂಡಿದ್ದೀರಾ ಎಂದೂ ಕೇಳುತ್ತಾರೆ. ಹೆಂಡತಿ ಮಕ್ಕಳ ಮುಂದೆ ಹೇಳಲು ಮುಜುಗರ ಆಗುತ್ತದೆ, ಗೊತ್ತು. ಇಎಂಟಿ ಕಿವಿಯಲ್ಲಿ ಹೇಳಿ, ಸಾಕು. ಎರಡೂ ಸೇರಿದರೆ ಬಿಪಿ ಪಾತಾಳಕ್ಕೆ ಇಳಿಯುತ್ತದೆ.

ಹೆಪ್ಪನ್ನು ಕರಗಿಸುವ ಟೆನೆಕ್ಟೆಪ್ಲೇಸ್ ಇಂಜೆಕ್ಷನ್ ಈಗ ಪುನೀತ್ ರಾಜ್‌ಕುಮಾರ್ ಹೃದಯ ಜ್ಯೋತಿ ಯೋಜನೆಯಲ್ಲಿ ತಾಲ್ಲೂಕು ಆಸ್ಪತ್ರೆಗಳಲ್ಲೇ ಉಚಿತವಾಗಿ ಸಿಗುತ್ತದೆ. ಅದಕ್ಕೇ ಗಾಡಿ ಹಾಸನಕ್ಕೆ ಬಾರದೆ ಹತ್ತಿರದ ತಾಲ್ಲೂಕು ಆಸ್ಪತ್ರೆಗೆ ತಿರುಗಿದರೆ ಜಗಳ ಮಾಡಬೇಡಿ.

ಇನ್ನು ಆಕ್ಸಿಜನ್. ಅದೂ ಒಂದು ಔಷಧಿಯೇ. ಬೆರಳಿನ ಯಂತ್ರದಲ್ಲಿ 96, 97 ತೋರಿಸುವ ಎದೆನೋವಿನ ರೋಗಿಗೆ ಮಾಸ್ಕ್ ಹಾಕಿದರೆ ಲಾಭವಿಲ್ಲ. ವರ್ಷಗಟ್ಟಲೆ ಬೀಡಿ ಸೇದಿ ಶ್ವಾಸಕೋಶ ಹಾಳಾದವರಿಗೆ 88ರಿಂದ 92 ಇದ್ದರೆ ಸಾಕು, ಜಾಸ್ತಿ ಕೊಟ್ಟರೆ ಅವರಿಗೆ ಮಂಪರು ಕವಿಯಬಹುದು.

ಡ್ರಿಪ್ ವಿಷಯಕ್ಕೆ ಬಂದರೆ, ನಾನು ಸಕ್ಕರೆಯ ಲೆಕ್ಕ ಹೇಳುತ್ತೇನೆ. ಶುಗರ್ ಇಳಿದು ಪ್ರಜ್ಞೆ ತಪ್ಪಿದವರಿಗೆ ಗಾಡಿಯಲ್ಲಿ 25 ಶೇಕಡಾ ಡೆಕ್ಸ್ಟ್ರೋಸ್ 100 ಮಿಲಿಲೀಟರ್ ಕೊಡುತ್ತಾರೆ. ಅದರಲ್ಲಿ 25 ಗ್ರಾಂ ಸಕ್ಕರೆ ಇರುತ್ತದೆ. ಜನ ಕೇಳುವ ಅರ್ಧ ಲೀಟರಿನ ಗ್ಲೂಕೋಸ್ ಬಾಟಲಿ ಇದೆಯಲ್ಲ, 5 ಶೇಕಡಾದ್ದು, ಅದರಲ್ಲೂ ಇರುವುದು ಅದೇ 25 ಗ್ರಾಂ! ಆದರೆ ಬಾಟಲಿ ಹನಿಹನಿಯಾಗಿ ಇಳಿಯಲು ಗಂಟೆ ಹಿಡಿಯುತ್ತದೆ. ಸಕ್ಕರೆ ಇಲ್ಲದ ಮೆದುಳು ಅಷ್ಟು ಹೊತ್ತು ಕಾಯುವುದಿಲ್ಲ. ಇಲ್ಲಿ ರಕ್ತನಾಳವೇ ಸರಿಯಾದ ದಾರಿ, ಆದರೆ ಸೂಜಿ ಒಳಗೇ ಇದೆ ಎಂದು ಖಾತ್ರಿ ಮಾಡಿಕೊಳ್ಳಬೇಕು. ಹೊರಗೆ ಸೋರಿದರೆ ಈ ಗಟ್ಟಿ ದ್ರಾವಣ ಸುತ್ತಲಿನ ಮಾಂಸವನ್ನೇ ಸುಡುತ್ತದೆ.

ಎಚ್ಚರ ಇದ್ದವರಿಗೆ ಮೂರು ಚಮಚ ಸಕ್ಕರೆ ಬಾಯಲ್ಲೇ ಕೊಡಿ, 15 ನಿಮಿಷ ಬಿಟ್ಟು ಮತ್ತೆ ಶುಗರ್ ನೋಡಿ. ಎಚ್ಚರ ತಪ್ಪಿದವರ ಬಾಯಿಗೆ ಮಾತ್ರ ಏನೂ ಹಾಕಬೇಡಿ. ಅರಸೀಕೆರೆ ಕಡೆಯ ಒಬ್ಬ ಅಜ್ಜನಿಗೆ ಮನೆಯವರು ಪ್ರೀತಿಯಿಂದಲೇ ಲೋಟದಲ್ಲಿ ಸಕ್ಕರೆ ನೀರು ಹೊಯ್ದಿದ್ದರು. ಶುಗರ್ ಸರಿಯಾಯಿತು, ನೀರು ಶ್ವಾಸಕೋಶಕ್ಕೆ ಹೋಗಿತ್ತು. ಹತ್ತು ದಿನ ಐಸಿಯುನಲ್ಲಿ ಇರಬೇಕಾಯಿತು. ಇನ್ನೊಂದು ಮಾತು. ಡೆಕ್ಸ್ಟ್ರೋಸ್ ಕೊಟ್ಟ ಕೆಲವೇ ನಿಮಿಷದಲ್ಲಿ ರೋಗಿ ಎದ್ದು ಕೂತು ಕಾಫಿ ಕೇಳುತ್ತಾರೆ. ಮನೆಯವರು "ಸರಿಹೋದ್ರಲ್ಲ, ಇಳಿಸಿಬಿಡಿ" ಅನ್ನುತ್ತಾರೆ. ಗ್ಲಿಮೆಪಿರೈಡ್, ಗ್ಲಿಬೆನ್‌ಕ್ಲಮೈಡ್ ಮಾತ್ರೆ ನುಂಗುವವರನ್ನು ಖಂಡಿತ ಇಳಿಸಬಾರದು. ಆ ಮಾತ್ರೆ ಇಡೀ ದಿನ ಶುಗರ್ ಇಳಿಸುತ್ತಲೇ ಇರುತ್ತದೆ. ರಾತ್ರಿ ಎಲ್ಲರೂ ಮಲಗಿದ ಮೇಲೆ ಮತ್ತೆ ಬೀಳುತ್ತಾರೆ.

ಫಿಟ್ಸ್ ಬಂದ ಮಗುವಿನ ಕೈಗೆ ಕೀ ಗೊಂಚಲು ತುರುಕುವುದನ್ನು ಬಿಟ್ಟು ಪಕ್ಕಕ್ಕೆ ಮಗ್ಗುಲಾಗಿಸಿ, ಗಡಿಯಾರ ನೋಡಿ. ಐದು ನಿಮಿಷ ದಾಟಿದರೆ ಮದ್ದು ಬೇಕು. ಅದುರುತ್ತಿರುವ ಪುಟ್ಟ ಕೈಯಲ್ಲಿ, ಘಾಟಿಯ ತಿರುವಿನಲ್ಲಿ, ನರ ಹುಡುಕುವುದು ಆಗದ ಮಾತು. ಮಿಡಜೋಲಾಮ್ ಮೂಗಿನಿಂದಲೇ ಹೋಗುತ್ತದೆ. ಒಂದು ಕೆಜಿ ತೂಕಕ್ಕೆ 0.2 ಮಿಲಿಗ್ರಾಂ, ಅಂದರೆ 15 ಕೆಜಿ ಮಗುವಿಗೆ 3 ಮಿಲಿಗ್ರಾಂ, ಎರಡು ಹೊಳ್ಳೆಗೂ ಹಂಚಿ. ಆಮೇಲೆ ಇಎಂಟಿ ಕಣ್ಣು ಮಗುವಿನ ಎದೆ ಬಿಟ್ಟು ಕದಲಬಾರದು, ಈ ಮದ್ದು ಉಸಿರನ್ನು ನಿಧಾನ ಮಾಡಬಹುದು.

ಈಗ ತೊಡೆಯ ವಿಷಯ. ಇಲ್ಲಿ ಸ್ವಲ್ಪ ನಿಲ್ಲಬೇಕು.

ಹಾನುಬಾಳು ಕಡೆಯ ತೋಟವೊಂದರಲ್ಲಿ ಕಾಳುಮೆಣಸು ಕೊಯ್ಯುವಾಗ ಸಿಲ್ವರ್ ಓಕ್ ಮರದಿಂದ ಹೆಜ್ಜೇನು ಎದ್ದಿತು. ಕೆಳಗಿದ್ದ ಹೆಂಗಸಿಗೆ ಕಚ್ಚಿದ್ದು ನಾಲ್ಕೈದು ಅಷ್ಟೇ. ಆದರೆ ಅವರ ಮೈಗೆ ಜೇನಿನ ವಿಷ ಒಗ್ಗುತ್ತಿರಲಿಲ್ಲ. ಮೈಯೆಲ್ಲ ದದ್ದು, ತುಟಿ ಊತ, ಗಂಟಲು ಕಟ್ಟಿದ ಹಾಗೆ. ತೋಟದ ಕೆಲಸ ನೋಡಿಕೊಳ್ಳುವ ರೈಟರ್ ತಮ್ಮ ಜೀಪಿನಲ್ಲಿ ದಾರಿಯ ಒಂದು ಕ್ಲಿನಿಕ್ಕಿಗೆ ಕರೆದೊಯ್ದರು. ಅಲ್ಲಿ ಸೊಂಟಕ್ಕೆ ಅವಿಲ್ ಎಂಬ ಅಲರ್ಜಿ ಮದ್ದು ಮತ್ತು ಡೆಕ್ಸಾ ಎಂಬ ಸ್ಟೀರಾಯ್ಡ್ ಇಂಜೆಕ್ಷನ್ ಹಾಕಿ ಅರ್ಧ ಗಂಟೆ ಕೂರಿಸಿದರು. ದದ್ದಿನ ತುರಿಕೆ ಕಡಿಮೆಯಾಯಿತು, ಹೆಂಗಸು ಮಾತ್ರ ಕುಸಿಯತೊಡಗಿದರು. ಆಮೇಲೆ 108ಕ್ಕೆ ಕರೆ ಹೋಯಿತು.

ಅವಿಲ್ ತುರಿಕೆಗೆ ಸರಿ. ಡೆಕ್ಸಾ ಕೆಲಸ ಶುರು ಮಾಡಲು ಗಂಟೆಗಳೇ ಬೇಕು. ಇವೆರಡೂ ಮುಚ್ಚಿಹೋಗುತ್ತಿರುವ ಗಂಟಲನ್ನು ತೆರೆಯುವುದಿಲ್ಲ, ಇಳಿದ ಬಿಪಿ ಏರಿಸುವುದಿಲ್ಲ. ಆ ಕೆಲಸ ಮಾಡುವುದು ಅಡ್ರಿನಲಿನ್, ಆಂಪ್ಯೂಲ್ ಎಂಬ ಪುಟ್ಟ ಗಾಜಿನ ಸೀಸೆಯಲ್ಲಿ ಬರುವ ಮದ್ದು. ಸಡಿಲವಾದ ರಕ್ತನಾಳ ಬಿಗಿ ಮಾಡುತ್ತದೆ, ಉಸಿರಿನ ದಾರಿ ಬಿಡಿಸುತ್ತದೆ, ಊತ ಇಳಿಸುತ್ತದೆ. ಇದಕ್ಕೆ ಬದಲಿ ಇಲ್ಲ, ಇದು ಮೊದಲು ಹೋಗಬೇಕು.

ಗಾಡಿಯಿಂದ ಇಎಂಟಿ ಹುಡುಗ ಫೋನ್ ಮಾಡಿದ. "ಮೇಡಂ, ಬಿಪಿ 70. ನರ ಸಿಗ್ತಾನೇ ಇಲ್ಲ."

"ನರ ಹುಡುಕಬೇಡಪ್ಪ. ತೊಡೆ. ಅರ್ಧ ಆಂಪ್ಯೂಲ್, ಈಗಲೇ."

ಒಂದು ಕ್ಷಣ ಆ ಕಡೆ ಸದ್ದಿಲ್ಲ. ಯಾಕೆ ಅಂತ ನನಗೆ ಗೊತ್ತಿತ್ತು. ಗಾಡಿಯಲ್ಲಿ ಆಕೆಯ ಗಂಡ ಇದ್ದಾರೆ, ಮೈದುನ ಇದ್ದಾರೆ. ಇಪ್ಪತ್ತನಾಲ್ಕು ವರ್ಷದ ಹುಡುಗ ಒಬ್ಬ ಹೆಂಗಸಿನ ತೊಡೆ ಮುಟ್ಟಬೇಕು. ಈ ಸಂಕೋಚ ಯಾವ ಪಾಠದಲ್ಲೂ ಇಲ್ಲ, ಆದರೆ ನಮ್ಮೂರಿನ ಗಾಡಿಗಳಲ್ಲಿ ದಿನಾ ಇದೆ. ಸಂಕೋಚಕ್ಕೆ ಸೋತು ತೋಳಿಗೆ ಚುಚ್ಚಿ ಬಂದವರನ್ನು ನಾನು ನೋಡಿದ್ದೇನೆ. ತೋಳಿಗಿಂತ ತೊಡೆಯ ಹೊರಬದಿಯ ದೊಡ್ಡ ಮಾಂಸಖಂಡದಿಂದ ಮದ್ದು ಬೇಗ, ಜಾಸ್ತಿ ರಕ್ತಕ್ಕೆ ಸೇರುತ್ತದೆ. ಮಕ್ಕಳಲ್ಲಿ ಅಳೆದು ನೋಡಿದ್ದಾರೆ. ತೊಡೆಯ ಮಾಂಸಕ್ಕೆ ಕೊಟ್ಟಾಗ ರಕ್ತದಲ್ಲಿ ಮದ್ದಿನ ಮಟ್ಟ ತುತ್ತತುದಿ ಮುಟ್ಟಲು ಸುಮಾರು 8 ನಿಮಿಷ, ಚರ್ಮದ ಕೆಳಗೆ ಕೊಟ್ಟಾಗ ಅರ್ಧ ಗಂಟೆಗೂ ಮೇಲೆ. ಉಸಿರು ಕಟ್ಟುತ್ತಿರುವವರಿಗೆ ಆ ಅಂತರವೇ ಜೀವ.

ಬಟ್ಟೆ ಬಿಚ್ಚುವ ಅಗತ್ಯವೇ ಇಲ್ಲ. ಸೊಂಟ ಮತ್ತು ಮಂಡಿಯ ನಡುವೆ, ಹೊರಬದಿಯಲ್ಲಿ, ಸೀರೆಯ ಒಂದು ಪದರದ ಮೇಲೇ ನೇರವಾಗಿ ಚುಚ್ಚಬಹುದು. ಮೇಲೆ ಒಂದು ಬೆಡ್‌ಶೀಟ್ ಹೊದಿಸಿದರೆ ಆಯಿತು. ಮನೆಯವರೇ, ಆ ಹೊತ್ತಿನಲ್ಲಿ ನೀವು "ಮಾಡಪ್ಪ, ಪರವಾಗಿಲ್ಲ" ಎಂದು ಒಂದು ಮಾತು ಹೇಳಿದರೆ ಆ ಹುಡುಗನ ಕೈ ನಡುಗುವುದಿಲ್ಲ.

ದೊಡ್ಡವರಿಗೆ 0.5 ಮಿಲಿಗ್ರಾಂ. ಆರರಿಂದ ಹನ್ನೆರಡು ವರ್ಷದವರಿಗೆ 0.3, ಅದಕ್ಕಿಂತ ಚಿಕ್ಕ ಮಕ್ಕಳಿಗೆ 0.15. ಐದು ನಿಮಿಷದಲ್ಲಿ ಸುಧಾರಿಸದಿದ್ದರೆ ಮತ್ತೊಮ್ಮೆ. ರೋಗಿಯನ್ನು ಮಲಗಿಸಿ ಕಾಲು ಎತ್ತರಿಸಬೇಕು, ಉಸಿರಾಡಲು ಕಷ್ಟವಾದರೆ ಕಾಲು ಚಾಚಿ ಕೂರಿಸಬಹುದು. ದಿಢೀರನೆ ಎಬ್ಬಿಸಿ ನಡೆಸಬಾರದು. ಇನ್ನೊಂದು ಅಪಾಯ ಇಎಂಟಿಗಳು ಮರೆಯಬಾರದು. ಹೃದಯ ನಿಂತುಹೋದವರಿಗೆ ಇದೇ ಆಂಪ್ಯೂಲನ್ನು ಪೂರ್ತಿ, 1 ಮಿಲಿಗ್ರಾಂ, ಮೂರರಿಂದ ಐದು ನಿಮಿಷಕ್ಕೊಮ್ಮೆ ರಕ್ತನಾಳಕ್ಕೆ ಕೊಡುತ್ತೇವೆ. ನಾಡಿ ಇರುವ ಅಲರ್ಜಿ ರೋಗಿಗೆ ಅದನ್ನು ಹಾಗೇ ನರಕ್ಕೆ ಕೊಟ್ಟರೆ ಹೃದಯದ ಬಡಿತವೇ ಹದ ತಪ್ಪಬಹುದು. ಮದ್ದು ಒಂದೇ, ದಾರಿ ಬೇರೆ.

ಆಕೆ ನಮ್ಮಲ್ಲಿಗೆ ಬಂದಾಗ ಸೆರಗಿನ ಮೇಲೆ ಬಿಳಿ ಪ್ಲಾಸ್ಟರಿನ ತುಂಡು ಅಂಟಿತ್ತು. ಅದರ ಮೇಲೆ ಪೆನ್ನಿನಲ್ಲಿ "ಅಡ್ರಿ ½, ಬಲ ತೊಡೆ, 11.20. ಮತ್ತೆ 11.26." ಬಿಪಿ 110. ಅದನ್ನು ನೋಡಿ ನನಗೆ ಆದ ಸಂತೋಷ ಇನ್ನೂ ನೆನಪಿದೆ. ಒಮ್ಮೆ ಇಳಿದ ಅಲರ್ಜಿ ಕೆಲವು ಗಂಟೆ ಬಿಟ್ಟು ಮರಳಬಹುದು, ಹಾಗಾಗಿ ಒಂದು ರಾತ್ರಿ ಇಟ್ಟುಕೊಂಡು ಮನೆಗೆ ಕಳಿಸಿದೆವು.

ಶುಂಠಿ, ಆಲೂಗಡ್ಡೆ ಹೊಲಗಳಿರುವ ನಮ್ಮ ಜಿಲ್ಲೆಯಲ್ಲಿ ಇನ್ನೊಂದು ಮದ್ದಿನ ಬಗ್ಗೆ ಹೇಳಲೇಬೇಕು. ಅಟ್ರೊಪಿನ್, ಆರ್ಗನೋಫಾಸ್ಫೇಟ್ ಗುಂಪಿನ ಕೀಟನಾಶಕಗಳ ವಿಷಕ್ಕೆ ಕೊಡುವ ಮದ್ದು. ಆರ್ಗನೋಫಾಸ್ಫೇಟ್ ಕೀಟನಾಶಕ ಬಾಯಿಂದ ಮಾತ್ರ ಒಳಗೆ ಹೋಗುವುದಿಲ್ಲ. ಅಂಗಿಯಿಲ್ಲದೆ ಔಷಧಿ ಹೊಡೆದರೆ ಚರ್ಮದಿಂದಲೂ ಇಳಿಯುತ್ತದೆ. ಜೊಲ್ಲು, ಬೆವರು, ಎದೆಯಲ್ಲಿ ಗೊರಗೊರ ಸದ್ದು, ಸೂಜಿಮೊನೆಯಂಥ ಕಣ್ಣುಪಾಪೆ ಇದರ ಗುರುತು. ಅಟ್ರೊಪಿನ್ ಆಂಪ್ಯೂಲ್ ನಮ್ಮಲ್ಲಿ ಸಾಮಾನ್ಯವಾಗಿ 0.6 ಮಿಲಿಗ್ರಾಂ. ತೀವ್ರ ವಿಷಕ್ಕೆ ಮೊದಲ ಸಲವೇ 3 ಮಿಲಿಗ್ರಾಂ ತನಕ ಬೇಕು, ಅಂದರೆ ಐದು ಆಂಪ್ಯೂಲ್. ಐದು ನಿಮಿಷಕ್ಕೆ ಎದೆ ಒಣಗದಿದ್ದರೆ ಹತ್ತು, ಆಮೇಲೆ ಇಪ್ಪತ್ತು. ಒಡೆದ ಗಾಜಿನ ರಾಶಿ ನೋಡಿ ಮನೆಯವರು ಹೆದರುತ್ತಾರೆ, ಹೊಸ ಇಎಂಟಿಗಳೂ ಹೆದರಿ ಎರಡಕ್ಕೇ ನಿಲ್ಲಿಸುತ್ತಾರೆ. ನಾನು ಅವರಿಗೆ ಹೇಳುವುದು ಇಷ್ಟೇ: ಕಣ್ಣುಪಾಪೆ ನೋಡಿ ನಿಲ್ಲಿಸಬೇಡಿ, ಸ್ಟೆತಾಸ್ಕೋಪ್ ಇಟ್ಟು ಎದೆ ಕೇಳಿ. ಗೊರಗೊರ ಹೋಗಬೇಕು, ನಾಡಿ 80 ದಾಟಬೇಕು, ಬಿಪಿ ನಿಲ್ಲಬೇಕು. ಜೊತೆಗೆ ಬಟ್ಟೆ ತೆಗೆದು ಮೈ ತೊಳೆಯದಿದ್ದರೆ ವಿಷ ಒಳಗೆ ಹೋಗುತ್ತಲೇ ಇರುತ್ತದೆ. ಉಪ್ಪುನೀರು ಕುಡಿಸಿ ವಾಂತಿ ಮಾಡಿಸುವುದು ಬೇಡವೇ ಬೇಡ.

ಗಾಡಿಯಲ್ಲೇ ಹೆರಿಗೆಯಾದರೆ, ಹೊಟ್ಟೆಯಲ್ಲಿ ಇನ್ನೊಂದು ಮಗು ಇಲ್ಲ ಎಂದು ಖಚಿತಪಡಿಸಿಕೊಂಡು, ತಾಯಿಗೆ ಆಕ್ಸಿಟೋಸಿನ್ 10 ಯೂನಿಟ್ ಮಾಂಸಖಂಡಕ್ಕೆ ಕೊಡುತ್ತಾರೆ. ರಕ್ತಸ್ರಾವ ತಡೆಯಲು ಇದು. ತಂಪಿನಲ್ಲಿ ಇಡದಿದ್ದರೆ ಶಕ್ತಿ ಕಳೆದುಕೊಳ್ಳುತ್ತದೆ. ಶಿರಾಡಿ ಘಾಟಿಯ ಅಪಘಾತಗಳಲ್ಲಿ ರಕ್ತ ಸುರಿಯುತ್ತಿದ್ದರೆ ಟ್ರಾನೆಕ್ಸಾಮಿಕ್ ಆಸಿಡ್ 1 ಗ್ರಾಂ, ಹತ್ತು ನಿಮಿಷದಲ್ಲಿ ನಿಧಾನವಾಗಿ ರಕ್ತನಾಳಕ್ಕೆ. ಗಾಯವಾದ ಮೂರು ಗಂಟೆಯೊಳಗೆ ಮಾತ್ರ ಇದು ಕೆಲಸಕ್ಕೆ ಬರುತ್ತದೆ.

ಈ ಅಳತೆಗಳನ್ನೆಲ್ಲ ಬರೆದದ್ದು ಮನೆಯಲ್ಲಿ ಪ್ರಯೋಗ ಮಾಡಲಿ ಎಂದಲ್ಲ. ಗಾಡಿಯೊಳಗೆ ಏನು ನಡೆಯುತ್ತಿದೆ ಎಂದು ಗೊತ್ತಿದ್ದರೆ ನೀವು ಅಡ್ಡ ಬರುವುದಿಲ್ಲ, ಜೊತೆಗೆ ನಿಲ್ಲುತ್ತೀರಿ. ಹತ್ತುವಾಗ ಮಾತ್ರೆ ಡಬ್ಬಿ ಇಡಿಯಾಗಿ ತನ್ನಿ. ಕೀಟನಾಶಕವಾದರೆ ಅದರ ಬಾಟಲಿ ತನ್ನಿ. ಮಗುವಿನ ತೂಕ ಗೊತ್ತಿದ್ದರೆ ಹೇಳಿ. ಮೊದಲೇ ಎಲ್ಲಾದರೂ ಇಂಜೆಕ್ಷನ್ ಹಾಕಿಸಿದ್ದರೆ ಮುಚ್ಚಿಡಬೇಡಿ, ಯಾರೂ ಬಯ್ಯುವುದಿಲ್ಲ. ಹೆಸರು ಗೊತ್ತಿಲ್ಲ ಅಂದರೆ ಅಲ್ಲಿನ ಖಾಲಿ ಆಂಪ್ಯೂಲನ್ನೇ ಒಂದು ಕಾಗದದಲ್ಲಿ ಸುತ್ತಿ ಇಎಂಟಿ ಕೈಗೆ ಕೊಡಿ.