ವಿನೈಲ್ ನೆಲಕ್ಕೆ ಯಾವ ಅಂಚು?

ಪಿವಿಸಿ ಎಂಬ ಪ್ಲಾಸ್ಟಿಕ್ಕಿನ ಹಲಗೆಗಳನ್ನು ಜೋಡಿಸಿ ಮಾಡುವ ವಿನೈಲ್ ನೆಲ ಹಾಕಿಸಬೇಕೆಂದು ಅಂಗಡಿಗೆ ಹೋದವರು ಬಣ್ಣ ನೋಡುತ್ತಾರೆ, ಮರದ ಗೆರೆ ನೋಡುತ್ತಾರೆ, ದರ ವಿಚಾರಿಸುತ್ತಾರೆ. ಹಲಗೆಯನ್ನು ಕೈಗೆತ್ತಿಕೊಂಡು ಅಂಚು ನೋಡುವವರು ಕಡಿಮೆ. ಹಾಕಿಸಿದ ಮೇಲೆ ನೆಲ ಒಂದೇ ಸಮ ಕಾಣುತ್ತದೋ, ಅಲ್ಲಲ್ಲಿ ಎದ್ದಂತೆ ಕಾಣುತ್ತದೋ ಎಂಬುದರಲ್ಲಿ ಆ ಅಂಚಿನ ಪಾಲು ದೊಡ್ಡದು.

ಅಂಚು ಮೇಲಿನಿಂದ ನೇರವಾಗಿ 90 ಡಿಗ್ರಿಗೆ ಕೆಳಗಿಳಿದಿದ್ದರೆ ಅದು ಸ್ಕ್ವೇರ್ ಎಡ್ಜ್. ಮೇಲಿನ ಏಣನ್ನು ಓರೆಯಾಗಿ ಇಳಿಸಿದ್ದರೆ ಬೆವೆಲ್. ಎರಡು ಹಲಗೆ ಕೂಡಿದಲ್ಲಿ ಸಣ್ಣದೊಂದು ಕಾಲುವೆ ಮೂಡುತ್ತದೆ. ಓರೆ ತೀರ ಕಿರಿದಾಗಿದ್ದರೆ ಮೈಕ್ರೋ ಬೆವೆಲ್.

ಈ ಓರೆ ಬಂದದ್ದು ಮರದ ನೆಲದಿಂದ. ಹಿಂದೆ ಮರದ ಹಲಗೆಗಳನ್ನು ಹಾಸಿದ ಮೇಲೆ ಇಡೀ ನೆಲವನ್ನು ಉಜ್ಜಿ ಸಮ ಮಾಡಿ, ಆಮೇಲೆ ಪಾಲಿಶ್ ಕೊಡುತ್ತಿದ್ದರು. ಕಾರ್ಖಾನೆಯಲ್ಲೇ ಪಾಲಿಶ್ ಆದ ಹಲಗೆಗಳು ಬಂದಾಗ ಹಾಗೆ ಉಜ್ಜಲು ಬರುವಂತಿರಲಿಲ್ಲ. ಪಕ್ಕಪಕ್ಕದ ಹಲಗೆಗಳ ಎತ್ತರದ ವ್ಯತ್ಯಾಸವನ್ನು ಮರೆಮಾಚಲು ಅಂಚನ್ನೇ ಓರೆ ಮಾಡಿದರು. ವಿನೈಲ್ ಹಲಗೆಯ ದಪ್ಪ ಮರದಂತೆ ಏರುಪೇರಾಗುವುದಿಲ್ಲ ನಿಜ. ಆದರೆ ಕೆಳಗಿನ ನೆಲ ಏರುಪೇರಾಗಿರುತ್ತದಲ್ಲ! ನಮ್ಮ ಊರುಗಳಲ್ಲಿ ಹಳೆಯ ಟೈಲ್ಸ್ ಕೀಳದೆ ಅದರ ಮೇಲೆಯೇ ವಿನೈಲ್ ಹಾಸುವುದುಂಟು. ಅಂಥಲ್ಲಿ ಅಂಚಿನ ಪ್ರಶ್ನೆ ಇನ್ನೂ ಮುಖ್ಯವಾಗುತ್ತದೆ.

ಒಂದು ಹಲಗೆ ಪಕ್ಕದ್ದಕ್ಕಿಂತ ಅರ್ಧ ಮಿಲಿಮೀಟರ್ ಮೇಲಿದೆ ಎಂದುಕೊಳ್ಳಿ. ನಿಂತು ನೋಡುವಾಗ ನಮ್ಮ ಕಣ್ಣಿಗೂ ನೆಲಕ್ಕೂ ಸುಮಾರು 1.5 ಮೀಟರ್ ಅಂತರ. ಅಷ್ಟು ದೂರದಿಂದ ಒಳ್ಳೆಯ ಕಣ್ಣು ಬಿಡಿಸಿ ನೋಡಬಲ್ಲದ್ದು ಹೆಚ್ಚುಕಡಿಮೆ ಆ ಅರ್ಧ ಮಿಲಿಮೀಟರನ್ನೇ. ಬೆಳಕು 60 ಡಿಗ್ರಿ ಎತ್ತರದಿಂದ ಬಿದ್ದರೆ ಆ ಏರಿನ ನೆರಳು 0.3 ಮಿಲಿಮೀಟರ್ ಮಾತ್ರ, ಗಮನಕ್ಕೇ ಬರುವುದಿಲ್ಲ. ಸಂಜೆ ಬಾಲ್ಕನಿಯಿಂದ 5 ಡಿಗ್ರಿ ಓರೆಯಲ್ಲಿ ಬಿಸಿಲು ಬಂದಾಗ ಅದೇ ನೆರಳು ಸುಮಾರು 6 ಮಿಲಿಮೀಟರ್ ಚಾಚುತ್ತದೆ. ಬೆಳಗ್ಗೆ ಚೆನ್ನಾಗಿದ್ದ ನೆಲ ಸಂಜೆ ಕೆಟ್ಟಂತೆ ಕಾಣುವುದು ಇದರಿಂದಲೇ. ಇಷ್ಟು ಸಾಲದೆಂಬಂತೆ, ಬೆಳಕು ಕತ್ತಲೆ ಸೇರುವ ಗಡಿಯನ್ನು ನಮ್ಮ ದೃಷ್ಟಿ ಇರುವುದಕ್ಕಿಂತ ಎದ್ದು ತೋರಿಸುತ್ತದೆ. 1865ರಲ್ಲಿ ಭೌತವಿಜ್ಞಾನಿ ಎರ್ನ್ಸ್ಟ್ ಮಾಕ್ ಇದನ್ನು ವಿವರಿಸಿದ. ಅಂಥ ಗಡಿಗಳಲ್ಲಿ ಕಾಣುವ ಪಟ್ಟೆಗಳಿಗೆ ಇಂದಿಗೂ ಅವನದೇ ಹೆಸರು.

ಸ್ಕ್ವೇರ್ ಎಡ್ಜ್ ನೆಲದಲ್ಲಿ ಎಲ್ಲೋ ಒಂದೆರಡು ಸಂದುಗಳಲ್ಲಿ ಮಾತ್ರ ನೆರಳು ಬೀಳುತ್ತದೆ, ಆದ್ದರಿಂದ ಅವೇ ಕಣ್ಣಿಗೆ ಚುಚ್ಚುತ್ತವೆ. ಬೆವೆಲ್ ಇದ್ದರೆ ಪ್ರತಿ ಸಂದಿನಲ್ಲೂ ಒಂದು ಓರೆ ಬೆಳಗುತ್ತದೆ, ಎದುರಿನದು ಮಂಕಾಗುತ್ತದೆ. ಎಲ್ಲ ಕಡೆ ಗೆರೆ ಇರುವಾಗ ಕಣ್ಣು ಅದನ್ನು ವಿನ್ಯಾಸವೆಂದೇ ಓದಿಕೊಳ್ಳುತ್ತದೆ. ಬೆವೆಲ್ ನೆಲವನ್ನು ಮಟ್ಟ ಮಾಡುವುದಿಲ್ಲ, ಏರುಪೇರನ್ನು ಎದ್ದು ಕಾಣದಂತೆ ಮಾಡುತ್ತದೆ ಅಷ್ಟೆ. ಬಿಸಿಲಿಗೆ ಹಿಗ್ಗಿ ಕುಗ್ಗಿ ಮೂಡುವ ಬಿರುಕುಗಳಿಗೂ ಇದೇ ಮಾತು. ಗಟ್ಟಿ ಪಿವಿಸಿ ಉಷ್ಣತೆ 10 ಡಿಗ್ರಿ ಸೆಲ್ಸಿಯಸ್ ಏರಿದರೆ ಮೀಟರಿಗೆ ಅರ್ಧ ಮಿಲಿಮೀಟರಿಗಿಂತ ತುಸು ಹೆಚ್ಚೇ ಹಿಗ್ಗುತ್ತದೆ. ಸುಣ್ಣಕಲ್ಲಿನ ಪುಡಿ ಬೆರೆಸಿದ ಎಸ್‌ಪಿಸಿ ಹಲಗೆ ಅದಕ್ಕಿಂತ ಕಡಿಮೆ.

ಹಾಗಾದರೆ ಎಲ್ಲರೂ ಬೆವೆಲ್ ತರಬಹುದೇ? ನಾನು ಹಾಗೆ ಹೇಳಲಾರೆ. ನಾವು ದಿನಾ ಗುಡಿಸಿ ಒದ್ದೆ ಬಟ್ಟೆಯಲ್ಲಿ ಒರೆಸುವ ಜನ. ಆಳವಾದ ಬೆವೆಲ್‌ನಲ್ಲಿ ಧೂಳು, ಅರಿಶಿನ ಕುಂಕುಮದ ಪುಡಿ, ಒರೆಸಿದ ನೀರು ಎಲ್ಲವೂ ತಂಗುತ್ತವೆ. ಎಸ್‌ಪಿಸಿ ನೀರಿಗೆ ಉಬ್ಬುವುದಿಲ್ಲ, ಆದರೆ ಸಂದಿನಲ್ಲಿ ಇಳಿದ ನೀರು ಹಲಗೆಯ ಅಡಿಯಲ್ಲಿ ಉಳಿಯಬಹುದು. ಅಡುಗೆಮನೆಗೆ, ದೇವರ ಕೋಣೆಗೆ, ಗಾಲಿಕುರ್ಚಿ ಓಡಾಡುವ ಮನೆಗೆ ಸ್ಕ್ವೇರ್ ಅಥವಾ ಮೈಕ್ರೋ ಬೆವೆಲ್ ವಾಸಿ. ಕಲ್ಲು, ಕಾಂಕ್ರೀಟ್ ನಮೂನೆಯ ವಿನೈಲ್ ಟೈಲ್‌ಗಳಿಗೂ ಸ್ಕ್ವೇರ್ ಒಪ್ಪುತ್ತದೆ. ಅಲ್ಲಿ ಸಂದು ಕಾಣದಿದ್ದಷ್ಟೂ ಚೆಂದ. ಅಗಲ ಹಲಗೆಯ ಮರದ ನಮೂನೆಗೆ ಮಾತ್ರ ಬೆವೆಲ್ ನಿಜವಾದ ಕಳೆ ಕೊಡುತ್ತದೆ.

ಬೆವೆಲ್ ಕೊಳ್ಳುವುದಾದರೆ ಅದನ್ನು ಹೇಗೆ ಮಾಡಿದ್ದಾರೆಂದು ನೋಡಿ. ಮರದ ಚಿತ್ರವಿರುವುದು ಒಂದು ತೆಳು ಹಾಳೆಯ ಮೇಲೆ. ಅದರ ಮೇಲಿನ ಪಾರದರ್ಶಕ ಸವೆತದ ಪದರ ಸಾಮಾನ್ಯವಾಗಿ 0.3ರಿಂದ 0.55 ಮಿಲಿಮೀಟರ್. ಅಂಚನ್ನು ಕೊರೆದರೆ ಈ ಎರಡೂ ಕತ್ತರಿಸಿ ಒಳಗಿನ ಬೂದು ಬಣ್ಣ ಹೊರಬೀಳುತ್ತದೆ. ಅದನ್ನು ಮುಚ್ಚಲು ಬಳಿದ ಬಣ್ಣಕ್ಕೆ ಸವೆತದ ಪದರದ ರಕ್ಷಣೆ ಇಲ್ಲ. ಒತ್ತಿ ಬಗ್ಗಿಸಿದ ಅಂಚಿನಲ್ಲಿ ಚಿತ್ರವೂ ಪದರವೂ ಓರೆಯ ಜೊತೆಗೇ ಇಳಿದಿರುತ್ತವೆ. ದರ ಹೆಚ್ಚಾದರೂ ಅದನ್ನೇ ಆರಿಸಿಕೊಳ್ಳಿ ಎನ್ನುತ್ತೇನೆ.

ಆಯ್ಕೆಗೆ ಮುಂಚೆ ಮೇಸ್ತ್ರಿಯಿಂದ ಮಟ್ಟಗೋಲು ಹಿಡಿಸಿ ನೋಡಿ. 3 ಮೀಟರಿನಲ್ಲಿ 5 ಮಿಲಿಮೀಟರಿಗಿಂತ ಹೆಚ್ಚು ತಗ್ಗುದಿಣ್ಣೆ ಇದ್ದರೆ ಮೊದಲು ನೆಲ ಸರಿಪಡಿಸಬೇಕು, ಅದನ್ನು ಯಾವ ಅಂಚೂ ತುಂಬಿಕೊಡುವುದಿಲ್ಲ. ಹಲಗೆಯ ಉದ್ದವನ್ನು ದೊಡ್ಡ ಕಿಟಕಿಯ ಬೆಳಕು ಬರುವ ದಿಕ್ಕಿಗೇ ಹಾಸಿದರೆ ಉದ್ದನೆಯ ಸಂದುಗಳ ನೆರಳು ಬಹಳ ಕಡಿಮೆಯಾಗುತ್ತದೆ. ಅಂಗಡಿಯಿಂದ ಎರಡು ಬಗೆಯ ಅಂಚಿನ ನಾಲ್ಕಾರು ಹಲಗೆ ತಂದು ಮನೆಯ ನೆಲದ ಮೇಲೇ ಜೋಡಿಸಿ, ರಾತ್ರಿ ದೀಪ ಆರಿಸಿ, ಟಾರ್ಚನ್ನು ನೆಲಕ್ಕೆ ತಾಗಿಸಿ ಬೆಳಕು ಬಿಡಿ. ಯಾವುದು ಒಪ್ಪುತ್ತದೆಂದು ಅಲ್ಲೇ ಗೊತ್ತಾಗುತ್ತದೆ.