ಕಥೆಯ ಗೇಮಿಗೆ ಮಲ್ಟಿಪ್ಲೇಯರ್ ಬೇಕಾ?

ಪ್ರಶ್ನೆ: ನಾಲ್ಕೈದು ಸಾವಿರ ಕೊಟ್ಟು ಗೇಮ್ ತಗೋತೀವಿ, ಕಥೆ ಮುಗಿದ್ರೆ ಎಲ್ಲ ಮುಗೀತು. ಜೊತೆಗೊಂದು ಮಲ್ಟಿಪ್ಲೇಯರ್, ಅಂದ್ರೆ ನೆಟ್‌ನಲ್ಲಿ ಬೇರೆಯವರ ಜೊತೆ ಆಡೋದು, ಹಾಕಿದ್ರೆ ಕಂಪನಿ ಗಂಟೇನು ಹೋಗುತ್ತೆ ಸರ್?

ಉತ್ತರ: ಗಂಟೇ ಹೋಗುತ್ತೆ ಮಾರಾಯ್ರೆ! ಆಟಗಾರರನ್ನು ಜೋಡಿಸುವ ಸರ್ವರ್ ಇಡಬೇಕು, ಬೇರೆ ಮ್ಯಾಪ್ ಮಾಡಬೇಕು, ಚೀಟಿಂಗ್ ಮಾಡುವವರನ್ನು ಹಿಡಿಯಬೇಕು. ಆಟಕ್ಕೆ ಹೊಂದಿದರೆ ಹಾಕಲಿ, ಇಲ್ಲದಿದ್ದರೆ ಬೇಡ.

ಇಷ್ಟು ಹೇಳಿದರೆ ಯಾರೂ ಸುಮ್ಮನಾಗುವುದಿಲ್ಲ. ‘ಮಲ್ಟಿಪ್ಲೇಯರ್ ಇಲ್ಲದ ಗೇಮ್ ಈಗ ಓಡಲ್ಲ’ ಎಂಬ ಮಾತು ಬೆನ್ನಿಗೇ ಬರುತ್ತದೆ. ಎಷ್ಟು ಸಲ ಹೇಳಲಿ? 2015ರ ‘ವಿಚರ್ 3’ರಲ್ಲಿ ಮಲ್ಟಿಪ್ಲೇಯರ್ ಇಲ್ಲ, ಮಾರಾಟವಾದದ್ದು 5 ಕೋಟಿಗೂ ಹೆಚ್ಚು ಪ್ರತಿ. ‘ಗಾಡ್ ಆಫ್ ವಾರ್’ ನೋಡಿ. 2013ರ ‘ಅಸೆನ್ಶನ್’ಗೆ ಮಲ್ಟಿಪ್ಲೇಯರ್ ಹಾಕಿದರು, 2018ರ ಗೇಮಿನಲ್ಲಿ ತೆಗೆದರು. ಇವತ್ತು ಜನ ಯಾವುದನ್ನು ನೆನೆಯುತ್ತಾರೆ? 2012ರ ‘ಸ್ಪೆಕ್ ಆಪ್ಸ್: ದ ಲೈನ್’ ಯುದ್ಧದ ಹೇಸಿಗೆಯನ್ನೇ ಕಥೆ ಮಾಡಿಕೊಂಡದ್ದು. ಅದಕ್ಕೂ ದುಡ್ಡು ಹಾಕಿ ಗೇಮ್ ಮಾರುವ ಪಬ್ಲಿಷರ್ ಹಟದಿಂದ ಇನ್ನೊಂದು ಸ್ಟುಡಿಯೋ ಕೈಲಿ ಗುಂಡು ಹಾರಿಸುವ ಮಲ್ಟಿಪ್ಲೇಯರ್ ಅಂಟಿಸಿದರು. ಗೇಮಿನ ಮುಖ್ಯ ಡಿಸೈನರೇ ಆಮೇಲೆ ಬಹಿರಂಗವಾಗಿ ಬೈದರು.

ಮಲ್ಟಿಪ್ಲೇಯರ್ ಬೇಕೇ ಬೇಕೆಂಬ ಈ ನಂಬಿಕೆ ಬೆಳೆದದ್ದೇ ಸೆಕೆಂಡ್‌ಹ್ಯಾಂಡ್ ಡಿಸ್ಕಿನ ಕಾಲದಲ್ಲಿ. ವಾರದಲ್ಲಿ ಕಥೆ ಮುಗಿಸಿ ಡಿಸ್ಕ್ ಮಾರಿದರೆ, ಎರಡನೆಯವನು ಕೊಟ್ಟ ದುಡ್ಡಿನಲ್ಲಿ ಪಬ್ಲಿಷರಿಗೆ ಬಿಡಿಗಾಸೂ ಇಲ್ಲ. ಮಲ್ಟಿಪ್ಲೇಯರ್ ಇದ್ದರೆ ಡಿಸ್ಕ್ ಮನೆಯಲ್ಲೇ ಉಳಿಯುತ್ತದೆ. ಮಾರಿದರೂ, ಕೊಂಡವನು ಆನ್‌ಲೈನ್ ಆಡಲು ಬೇರೆ ದುಡ್ಡು ಕಟ್ಟಲಿ ಎಂದು 2010ರಲ್ಲಿ ಗೇಮ್ ಕಂಪನಿ ಇಎ ‘ಆನ್‌ಲೈನ್ ಪಾಸ್’ ತಂದಿತು, 2013ರಲ್ಲಿ ಕೈಬಿಟ್ಟಿತು. ನಿಮ್ಮ ಮೇಲಿನ ಪ್ರೀತಿಗೆ ಹಾಕಿದ್ದಲ್ಲ ಸ್ವಾಮಿ.

ಹೊಂದಿದ್ದೂ ಇದೆ. ‘ಡಾರ್ಕ್ ಸೋಲ್ಸ್’ನಲ್ಲಿ ನೆಟ್ ಮೂಲಕ ಅದೇ ಗೇಮ್ ಆಡುವ ಯಾರೋ ಅಪರಿಚಿತರು ‘ಮುಂದೆ ಹೊಂಚು ಹಾಕಿದ್ದಾರೆ’ ಎಂದು ನೆಲದ ಮೇಲೆ ಬರೆದಿಟ್ಟು ಹೋಗಿರುತ್ತಾರೆ. ಕೆಲವೊಮ್ಮೆ ಸುಳ್ಳೂ ಬರೆದಿರುತ್ತಾರೆ! ಅದು ಆ ಲೋಕದ್ದೇ ಭಾಗ, ಆಮೇಲೆ ಅಂಟಿಸಿದ್ದಲ್ಲ.

ಸರ್ವರ್ ಮುಚ್ಚಿದ ಮೇಲೇನು ಅಂತ ಮಾತ್ರ ಯಾರೂ ಕೇಳುವುದಿಲ್ಲ. ಪಿಎಸ್3ರ (ಸೋನಿಯ ಪ್ಲೇಸ್ಟೇಷನ್ 3) ‘ಅನ್‌ಚಾರ್ಟೆಡ್ 2’ರ ಸರ್ವರ್ 2019ರಲ್ಲಿ ನಿಂತಿತು, ಕಥೆ ಮಾತ್ರ ಈಗಲೂ ಡಿಸ್ಕಿನಿಂದ ಓಡುತ್ತದೆ. 2013ರ ‘ಸಿಮ್‌ಸಿಟಿ’ ಒಬ್ಬರೇ ಕೂತು ಊರು ಕಟ್ಟಬಹುದಾದ ಆಟ. ಅದಕ್ಕೂ ಸದಾ ಇಂಟರ್ನೆಟ್ ಬೇಕೆಂದರು, ಬಿಡುಗಡೆಯಾಗುತ್ತಲೇ ಸರ್ವರ್ ಕುಸಿದು ದುಡ್ಡು ಕೊಟ್ಟ ಎಷ್ಟೋ ಜನ ಹೊರಗೇ ನಿಂತರು. ಆಫ್‌ಲೈನ್ ಆಡಲು ಮರುವರ್ಷ ಮಾರ್ಚ್‌ವರೆಗೆ ಕಾಯಬೇಕಾಯಿತು. ಮುಂದಿನ ಸಲ ಗೇಮ್ ಕೊಳ್ಳುವಾಗ ‘ಇಂಟರ್ನೆಟ್ ಕಡ್ಡಾಯ’ ಎಂಬ ಸಣ್ಣಕ್ಷರ ಇದೆಯಾ ನೋಡಿ, ಮಲ್ಟಿಪ್ಲೇಯರ್ ಆಮೇಲೆ ಹುಡುಕುವಿರಂತೆ.