ಫೋಟೋಗ್ರಾಫರ್‌ಗೆ ಕೊಟ್ಟ ಅಡ್ವಾನ್ಸ್ ವಾಪಸ್ ಕೇಳುವ ಮುನ್ನ

‘ಬುಕ್ಕಿಂಗ್ ಹಣವನ್ನು ಯಾವುದೇ ಕಾರಣಕ್ಕೂ ಹಿಂತಿರುಗಿಸಲಾಗುವುದಿಲ್ಲ.’

ಫೋಟೋಗ್ರಾಫರ್ ಕೊಡುವ ಕೊಟೇಶನ್ನಿನ ಕೊನೆಯಲ್ಲಿ, ಸಣ್ಣ ಅಕ್ಷರದಲ್ಲಿ, ಈ ಸಾಲು ಹೆಚ್ಚುಕಡಿಮೆ ಇದ್ದೇ ಇರುತ್ತದೆ. ಜಗಳ ಶುರುವಾದರೆ ಇಬ್ಬರೂ ಇದನ್ನೇ ಹಿಡಿದುಕೊಂಡು ಕೂರುತ್ತಾರೆ. ಫೋಟೋಗ್ರಾಫರ್ ‘ಬರೆದಿದೆಯಲ್ಲ’ ಅನ್ನುತ್ತಾರೆ. ಗ್ರಾಹಕರು ‘ನಾನು ಓದಿಯೇ ಇರಲಿಲ್ಲ’ ಅನ್ನುತ್ತಾರೆ. ವಕೀಲನಾಗಿ ಎರಡೂ ಕಡೆಯವರ ಫೈಲ್ ನೋಡುವ ನನಗೆ, ಇವೆರಡೂ ದುರ್ಬಲ ವಾದಗಳೇ.

ಸಹಿ ಹಾಕಿದ ಮೇಲೆ, ಅಥವಾ ವಾಟ್ಸಾಪಿನಲ್ಲಿ ‘ಓಕೆ, ಕನ್ಫರ್ಮ್’ ಅಂತ ಕಳಿಸಿ ಹಣ ಹಾಕಿದ ಮೇಲೆ, ಓದಿರಲಿಲ್ಲ ಅನ್ನುವ ಮಾತು ನಡೆಯುವುದಿಲ್ಲ. ಸ್ಟಾಂಪ್ ಪೇಪರ್ ಇಲ್ಲ, ಹಾಗಾಗಿ ಕರಾರೇ ಇಲ್ಲ ಅನ್ನುವುದೂ ತಪ್ಪು. ಬಾಯಿಮಾತಿನ ಕರಾರೂ ಕರಾರೇ, ಸಾಬೀತು ಮಾಡುವುದು ಕಷ್ಟ ಅಷ್ಟೇ. ಇನ್ನು ‘ವಾಪಸ್ ಇಲ್ಲ’ ಅಂತ ಬರೆದುಬಿಟ್ಟರೆ ಹಣವೆಲ್ಲ ತನ್ನದಾಯಿತು ಅಂತ ಫೋಟೋಗ್ರಾಫರ್ ಅಂದುಕೊಳ್ಳುವುದೂ ಸರಿಯಲ್ಲ. 1872ರ ಭಾರತೀಯ ಕರಾರು ಕಾಯ್ದೆಯ 74ನೇ ಸೆಕ್ಷನ್ ಇದಕ್ಕೆ ಅಡ್ಡ ನಿಲ್ಲುತ್ತದೆ. ಕರಾರು ಮುರಿದರೆ ಇಷ್ಟು ಹಣ ಅಂತ ಮೊದಲೇ ಬರೆದುಕೊಂಡಿದ್ದರೂ ಸಿಗುವುದು ನ್ಯಾಯವಾದ ಪರಿಹಾರ ಮಾತ್ರ. ಬರೆದ ಮೊತ್ತ ಅದಕ್ಕೆ ಮೇಲ್ಮಿತಿ. ಅಷ್ಟನ್ನೂ ಕೊಡಲೇಬೇಕು ಅಂತೇನಿಲ್ಲ.

ಸುಪ್ರೀಂ ಕೋರ್ಟ್ ಇದನ್ನು ಬಹಳ ಹಿಂದೆಯೇ ಹೇಳಿದೆ. 1969ರ ಮೌಲಾ ಬಕ್ಷ್ ಪ್ರಕರಣದಲ್ಲಿ ಸೇನೆಗೆ ಆಲೂಗಡ್ಡೆ, ಕೋಳಿ, ಮೊಟ್ಟೆ, ಮೀನು ಒದಗಿಸಬೇಕಾಗಿದ್ದ ಗುತ್ತಿಗೆದಾರ ಸರಿಯಾಗಿ ಒದಗಿಸಲಿಲ್ಲ. ಸರ್ಕಾರ ಅವನ ಠೇವಣಿಯನ್ನೇ ಮುಟ್ಟುಗೋಲು ಹಾಕಿಕೊಂಡಿತು. ನಷ್ಟ ಎಷ್ಟಾಯಿತು ಅಂತ ಲೆಕ್ಕ ತೋರಿಸಲು ಸಾಧ್ಯವಿತ್ತು, ಸರ್ಕಾರ ತೋರಿಸಲಿಲ್ಲ. ಹಾಗಾಗಿ ಠೇವಣಿ ಇಟ್ಟುಕೊಳ್ಳುವಂತಿಲ್ಲ ಅಂದಿತು ಕೋರ್ಟು. 2015ರ ಕೈಲಾಶ್ ನಾಥ್ ಪ್ರಕರಣದಲ್ಲಿ ದೆಹಲಿ ಅಭಿವೃದ್ಧಿ ಪ್ರಾಧಿಕಾರ ಹರಾಜಿನ ಠೇವಣಿ ಮುಟ್ಟುಗೋಲು ಹಾಕಿಕೊಂಡು, ಆಮೇಲೆ ಅದೇ ಜಾಗವನ್ನು ಜಾಸ್ತಿ ಬೆಲೆಗೆ ಹರಾಜು ಹಾಕಿತ್ತು. ನಷ್ಟವೇ ಆಗದಿದ್ದಾಗ ಠೇವಣಿ ನುಂಗುವುದು ಸಲ್ಲದು ಅಂತ ತೀರ್ಪು ಬಂತು.

ಈ ಎರಡನೇ ತೀರ್ಪನ್ನು ಫೋಟೋಗ್ರಾಫರ್ ಕ್ಯಾಲೆಂಡರ್ ಪಕ್ಕ ಇಟ್ಟು ನೋಡಿ. ನೀವು ಸಮಾರಂಭ ರದ್ದು ಮಾಡಿದಿರಿ. ಆ ದಿನಕ್ಕೆ ಅವರಿಗೆ ಬೇರೆ ಬುಕ್ಕಿಂಗ್ ಸಿಕ್ಕಿತು, ಅದೇ ರೇಟಿಗೆ. ಆಗ ಅವರ ನಷ್ಟ ಏನು? ನಿಮ್ಮ ಜತೆ ಮೀಟಿಂಗಿಗೆ ಕೊಟ್ಟ ಸಮಯ, ಲೊಕೇಶನ್ ನೋಡಿಬಂದ ಖರ್ಚು, ಅಷ್ಟೇ. ಆದರೆ ಸೀಸನ್ನಿನ ನಡುವೆ, ಹಿಂದಿನ ವಾರ ರದ್ದು ಮಾಡಿದರೆ ಕಥೆಯೇ ಬೇರೆ. ಆ ದಿನ ಕೇಳಿಕೊಂಡು ಬಂದ ನಾಲ್ಕು ಜನರಿಗೆ ಅವರು ಆಗಲೇ ‘ಇಲ್ಲ’ ಅಂದಿರುತ್ತಾರೆ. ಜತೆಗೆ ಬರುವ ಎರಡನೇ ಫೋಟೋಗ್ರಾಫರ್, ಅಂದರೆ ಸೆಕೆಂಡ್ ಶೂಟರ್‌ಗೆ, ಡ್ರೋನ್‌ನವರಿಗೆ ಮಾತು ಕೊಟ್ಟಿರುತ್ತಾರೆ. ಇಂಥ ಫೈಲುಗಳಲ್ಲಿ ನಾನು ಫೋಟೋಗ್ರಾಫರ್ ಪರವೇ ಮಾತಾಡುತ್ತೇನೆ. ದಿನವನ್ನು ಕಾದಿರಿಸಿ ಇಡುವುದು ಕೂಡ ಒಂದು ಸೇವೆ. ಕ್ಯಾಮೆರಾ ಹೊರಗೆ ತೆಗೆದೇ ಇಲ್ಲ, ದುಡ್ಡು ಯಾಕೆ ಅನ್ನುವ ವಾದ ಕೇಳಿದಾಗ ನನಗೆ ಸ್ವಲ್ಪ ಸಿಟ್ಟೇ ಬರುತ್ತದೆ.

ಹಾಗಾದರೆ ನಡೆಯುವ ಲೆಕ್ಕ ಯಾವುದು? ನನ್ನ ಅನುಭವದಲ್ಲಿ, ದಿನ ಕಾದಿರಿಸಲು ಕೊಟ್ಟ ಸಣ್ಣ ಮೊತ್ತವನ್ನು ಇಟ್ಟುಕೊಂಡರೆ ಯಾರೂ ಹೆಚ್ಚು ತಕರಾರು ಮಾಡುವುದಿಲ್ಲ, ಮಾಡಿದರೂ ನಿಲ್ಲುವುದು ಕಷ್ಟ. ಒಟ್ಟು ಮೊತ್ತದ ಅರ್ಧವನ್ನೋ ಮುಕ್ಕಾಲನ್ನೋ ಅಡ್ವಾನ್ಸ್ ಅಂತ ತೆಗೆದುಕೊಂಡು, ಅದಷ್ಟನ್ನೂ ಬುಕ್ಕಿಂಗ್ ಹಣ ಅಂತ ಕರೆದರೆ ಅದು ಬೇರೆ ಮಾತು. ಅದರಲ್ಲಿ ಆಲ್ಬಂ ಪ್ರಿಂಟಿಂಗ್ ಇದೆ, ಎಡಿಟಿಂಗ್ ಇದೆ. ಮಾಡದ ಕೆಲಸದ ಹಣ ಅದು. ಆ ಭಾಗವನ್ನು ವಾಪಸ್ ಕೇಳುವುದಕ್ಕೆ ಗಟ್ಟಿ ನೆಲ ಇದೆ. ಇನ್ನೊಂದು ಮಾತು. 73ನೇ ಸೆಕ್ಷನ್ ಪ್ರಕಾರ, ನಷ್ಟದ ಲೆಕ್ಕ ಹಾಕುವಾಗ ಅದನ್ನು ತಪ್ಪಿಸಿಕೊಳ್ಳಲು ಯಾವ ದಾರಿ ಇತ್ತು ಅನ್ನುವುದನ್ನೂ ನೋಡಬೇಕು. ಖಾಲಿಯಾದ ದಿನವನ್ನು ತುಂಬಿಕೊಳ್ಳಲು ಫೋಟೋಗ್ರಾಫರ್ ಏನಾದರೂ ಪ್ರಯತ್ನ ಮಾಡಿದರಾ? ಇದನ್ನು ನೋಟಿಸಿನಲ್ಲೇ ಕೇಳಿ. ಎಷ್ಟೋ ಸಲ ಅದೇ ದಿನ ಬೇರೆ ಕಡೆ ತೆಗೆದ ಫೋಟೋಗಳು ಅವರ ಇನ್‌ಸ್ಟಾಗ್ರಾಂ ಪುಟದಲ್ಲೇ, ತಾರೀಕಿನ ಸಮೇತ ಇರುತ್ತವೆ.

ರದ್ದಾಗಿದ್ದು ಯಾರ ತಪ್ಪಿನಿಂದಲೂ ಅಲ್ಲ ಅಂದರೆ 56 ಮತ್ತು 65ನೇ ಸೆಕ್ಷನ್‌ಗಳನ್ನು ನೋಡಬೇಕು. 2020ರ ಲಾಕ್‌ಡೌನ್ ನೆನಪಿರಬೇಕಲ್ಲ. ಕಾನೂನೇ ಸಮಾರಂಭ ನಡೆಸಲು ಬಿಡದಿದ್ದಾಗ ಕರಾರು ಅಲ್ಲಿಗೇ ನಿಲ್ಲುತ್ತದೆ, ಪಡೆದ ಲಾಭವನ್ನು ಹಿಂದಿರುಗಿಸಬೇಕಾಗುತ್ತದೆ. ಸಂಬಂಧ ಮುರಿದುಬಿತ್ತು, ಹಾಲ್ ಸಿಗಲಿಲ್ಲ, ಬಜೆಟ್ ಜಾಸ್ತಿಯಾಯಿತು ಅನ್ನುವುದೆಲ್ಲ ಇದರಲ್ಲಿ ಬರುವುದಿಲ್ಲ.

ಈಗ ಇನ್ನೊಂದು ಬದಿ. ಫೋಟೋಗ್ರಾಫರ್ ಬರಲೇ ಇಲ್ಲ ಅಂದರೆ ವಾದವೇ ಬೇಕಿಲ್ಲ, ಅಡ್ವಾನ್ಸ್ ಪೂರ್ತಿ ವಾಪಸ್, ಜತೆಗೆ ಪರಿಹಾರ. ನಿಜವಾದ ಜಗಳ ಹುಟ್ಟುವುದು ಬೇರೆ ಯಾರನ್ನೋ ಕಳಿಸಿದಾಗ. ನೀವು ಒಬ್ಬರ ಕೆಲಸ ಮೆಚ್ಚಿ, ಅವರ ಫೋಟೋಗಳನ್ನು ನೋಡಿ, ಅವರ ಜತೆ ಮಾತಾಡಿ ಬುಕ್ ಮಾಡಿದ್ದೀರಿ. ಆ ದಿನ ಬೆಳಿಗ್ಗೆ ಪರಿಚಯವೇ ಇಲ್ಲದ ಹುಡುಗ ಕ್ಯಾಮೆರಾ ಹಿಡಿದು ನಿಂತಿದ್ದಾನೆ. ‘ಅಣ್ಣ ಬೇರೆ ಕಡೆ ಇದ್ದಾರೆ, ನಾನು ಅವರ ಟೀಮಿನವನೇ’ ಅನ್ನುತ್ತಾನೆ. ಕರಾರು ಕಾಯ್ದೆಯ 40ನೇ ಸೆಕ್ಷನ್ ಓದಿದವರಿಗೆ ಇದು ಸ್ವಾರಸ್ಯವಾಗಿ ಕಾಣುತ್ತದೆ. ಅಲ್ಲಿ ಕಾಯ್ದೆಯೇ ಕೊಟ್ಟಿರುವ ಉದಾಹರಣೆ: ಚಿತ್ರ ಬರೆದುಕೊಡುತ್ತೇನೆ ಅಂತ ಒಬ್ಬ ಒಪ್ಪಿಕೊಂಡರೆ ಅದನ್ನು ಅವನೇ ಬರೆಯಬೇಕು. ಕೈಚಳಕ ನೋಡಿ ಕೊಟ್ಟ ಕೆಲಸವನ್ನು ಇನ್ನೊಬ್ಬರಿಗೆ ದಾಟಿಸುವಂತಿಲ್ಲ. ಫೋಟೋಗ್ರಫಿಗೂ ಈ ತರ್ಕ ಹೊಂದುತ್ತದೆ, ಆದರೆ ಒಂದು ಷರತ್ತಿನ ಮೇಲೆ. ನೀವು ಬುಕ್ ಮಾಡಿದ್ದು ವ್ಯಕ್ತಿಯನ್ನೋ ಸ್ಟುಡಿಯೋವನ್ನೋ? ಕೊಟೇಶನ್ನಿನಲ್ಲಿ ‘ಕ್ಯಾಂಡಿಡ್ ಫೋಟೋಗ್ರಾಫರ್ 1, ಟ್ರೆಡಿಷನಲ್ 1, ವಿಡಿಯೋ 2’ ಅಂತ (ಕ್ಯಾಂಡಿಡ್ ಅಂದರೆ ಪೋಸ್ ಕೊಡಿಸದೆ ಸಹಜವಾಗಿ ತೆಗೆಯುವುದು) ತಲೆಗಳ ಲೆಕ್ಕ ಮಾತ್ರ ಇದ್ದರೆ ಸ್ಟುಡಿಯೋ ಯಾರನ್ನು ಬೇಕಾದರೂ ಕಳಿಸಬಹುದು. ‘ಕ್ಯಾಂಡಿಡ್ ತೆಗೆಯುವವರು ಇಂಥವರು’ ಅಂತ ಹೆಸರು ಬರೆಸಿಕೊಳ್ಳಿ. ಒಂದು ಸಾಲು ಸಾಕು. ಅದಿಲ್ಲದೆ ಸೋತ ಒಳ್ಳೆ ಕೇಸುಗಳನ್ನು ನೋಡಿದ್ದೇನೆ.

ಬೇರೆಯವರು ಬಂದಿದ್ದಾರೆ ಅಂತ ಗೊತ್ತಾದ ಕ್ಷಣದಲ್ಲೇ ಒಂದು ಮೆಸೇಜ್ ಹಾಕಿ. ‘ನಿಮ್ಮ ಬದಲಿಗೆ ಬೇರೆಯವರು ಬಂದಿದ್ದಾರೆ, ಇದಕ್ಕೆ ನಮ್ಮ ಒಪ್ಪಿಗೆ ಇಲ್ಲ, ಬೇರೆ ದಾರಿ ಇಲ್ಲದೆ ಕೆಲಸ ಮಾಡಿಸುತ್ತಿದ್ದೇವೆ.’ ಸಮಾರಂಭದ ಗಡಿಬಿಡಿಯಲ್ಲಿ ಇದೆಲ್ಲ ಯಾರಿಗೆ ನೆನಪಿರುತ್ತದೆ ಅಂತ ನೀವು ಕೇಳಬಹುದು. ಮನೆಯವರಲ್ಲಿ ಯಾರಾದರೂ ಒಬ್ಬರಿಗೆ ವಹಿಸಿ. ಸುಮ್ನೆ ಕೆಲಸ ಮಾಡಿಸಿಕೊಂಡು ಮೂರು ತಿಂಗಳ ಮೇಲೆ ದೂರಿದರೆ ಆವತ್ತು ಒಪ್ಪಿಕೊಂಡಿದ್ದಿರಲ್ಲ ಅನ್ನುವ ಪ್ರಶ್ನೆ ಬಂದೇ ಬರುತ್ತದೆ.

ನನ್ನ ಹತ್ತಿರ ಬರುವವರಲ್ಲಿ ಹೆಚ್ಚಿನವರ ದೂರು ಮಾತ್ರ ಇದ್ಯಾವುದೂ ಅಲ್ಲ. ‘ಫೋಟೋ ಚೆನ್ನಾಗಿಲ್ಲ.’ ಬಣ್ಣ ಹಳದಿಯಾಗಿದೆ, ನಗು ಸಿಕ್ಕಿಲ್ಲ, ಅಜ್ಜಿಯ ಫೋಟೋ ಒಂದೂ ಸರಿಯಾಗಿ ಬಂದಿಲ್ಲ. ನೋವು ಅರ್ಥವಾಗುತ್ತದೆ. ಆದರೆ ರುಚಿಯ ಜಗಳವನ್ನು ಕೋರ್ಟಿನಲ್ಲಿ ಗೆಲ್ಲುವುದು ಕಷ್ಟ. ಹಾಗಾಗಿ ನಾನು ದೂರನ್ನು ಎಣಿಸಲು ಬರುವ ಸಂಗತಿಗಳಿಗೆ ಇಳಿಸುತ್ತೇನೆ. ಎಷ್ಟು ಎಡಿಟೆಡ್ ಫೋಟೋ ಅಂತ ಹೇಳಿದ್ದರು, ಎಷ್ಟು ಕೊಟ್ಟರು? ಆಲ್ಬಂ ಎಷ್ಟು ಶೀಟು? ಎರಡು ಕ್ಯಾಮೆರಾ ಅಂದಿದ್ದು ಒಂದೇ ಬಂತಾ? ಎಷ್ಟು ಹೊತ್ತಿಗೆ ಬಂದರು, ಎಷ್ಟು ಹೊತ್ತಿಗೆ ಹೋದರು? ಇದಕ್ಕೆ ಉತ್ತರ ಫೋಟೋ ಫೈಲಿನ ಒಳಗೇ ಇರುತ್ತದೆ. ಡಿಜಿಟಲ್ ಫೋಟೋದ ಜತೆ ತೆಗೆದ ಸಮಯ, ಕ್ಯಾಮೆರಾ ಮಾಡೆಲ್ ಎರಡೂ ದಾಖಲಾಗುತ್ತವೆ. ಕ್ಯಾಮೆರಾದ ಗಡಿಯಾರ ಸರಿ ಇಲ್ಲದೆಯೂ ಇರಬಹುದು, ಆದರೆ ಮೊದಲ ಮತ್ತು ಕೊನೆಯ ಫೋಟೋದ ನಡುವಿನ ಅಂತರ ಸುಳ್ಳು ಹೇಳುವುದು ಕಡಿಮೆ. ಒಂದು ಫೈಲಿನಲ್ಲಿ ಹೀಗೇ ಆಯಿತು. ಗ್ರಾಹಕರು ಇಪ್ಪತ್ತು ಪುಟ ‘ಕಳಪೆ’ ಅಂತ ಬರೆದು ತಂದಿದ್ದರು. ಕೊನೆಗೆ ಕೆಲಸಕ್ಕೆ ಬಂದದ್ದು, ಒಪ್ಪಿಕೊಂಡ ಹೊತ್ತಿಗೆ ಮುಂಚೆಯೇ ನಿಂತುಹೋದ ಆ ಟೈಮ್‌ಗಳು. ಗೂಗಲ್ ಡ್ರೈವ್ ಲಿಂಕಿನಿಂದ ಡೌನ್‌ಲೋಡ್ ಮಾಡಿದ ಮೂಲ ಫೈಲ್ ಹಾಗೇ ಇಟ್ಟುಕೊಳ್ಳಿ. ವಾಟ್ಸಾಪಿನಲ್ಲಿ ಫೋಟೋ ಅಂತ ಕಳಿಸಿದರೆ ಈ ಮಾಹಿತಿ ಕಳಚಿಹೋಗುತ್ತದೆ.

ಆಲ್ಬಂ ತಡವಾದರೆ? ಕರಾರಿನಲ್ಲಿ ತಾರೀಕು ಇಲ್ಲದಿದ್ದರೆ ಕಾನೂನು ‘ಸೂಕ್ತ ಸಮಯ’ ಅನ್ನುತ್ತದೆ. ಅದನ್ನು ಹಿಡಿದುಕೊಂಡು ಜಗಳವಾಡಲು ಬರುವುದಿಲ್ಲ. ನೀವೇ ಬರವಣಿಗೆಯಲ್ಲಿ ಒಂದು ನ್ಯಾಯವಾದ ಕೊನೆಯ ತಾರೀಕು ಕೊಡಿ. ಅದರ ಮೊದಲು, ನೀವು ಕೊಡಬೇಕಾದ ಫೋಟೋ ಸೆಲೆಕ್ಷನ್ ಕೊಟ್ಟಿದ್ದೀರಾ ನೋಡಿಕೊಳ್ಳಿ. ತಡವಾದ ಆಲ್ಬಮ್‌ಗಳಲ್ಲಿ ಎಷ್ಟೋ, ಸೆಲೆಕ್ಷನ್ ಮುಗಿಸದ ಮನೆಗಳಲ್ಲೇ ಸಿಕ್ಕಿಕೊಂಡಿರುತ್ತವೆ.

ಡೇಟಾ ಹೋಯಿತು ಅನ್ನುವುದು ಎಲ್ಲಕ್ಕಿಂತ ಕೆಟ್ಟದ್ದು. ಮೆಮೊರಿ ಕಾರ್ಡ್ ಕರಪ್ಟ್ ಆಯಿತು, ಹಾರ್ಡ್ ಡಿಸ್ಕ್ ಬಿತ್ತು. ‘ನಮ್ಮ ಕೈಯಲ್ಲಿ ಇರಲಿಲ್ಲ’ ಅನ್ನುವ ಉತ್ತರ ಅಷ್ಟು ಸುಲಭವಾಗಿ ಒಪ್ಪುವಂಥದ್ದಲ್ಲ. ಎರಡು ಕಾರ್ಡ್‌ಗೆ ಒಟ್ಟಿಗೇ ಬರೆಯುವ ಕ್ಯಾಮೆರಾಗಳು ಈಗ ವೃತ್ತಿಯಲ್ಲಿ ಸಾಮಾನ್ಯ. ಆವತ್ತೇ ರಾತ್ರಿ ಬ್ಯಾಕಪ್ ಮಾಡಿದರಾ ಅನ್ನುವುದು ಮೊದಲ ಪ್ರಶ್ನೆ. ಇಲ್ಲಿ ಬರೀ ಹಣ ವಾಪಸ್ ಮಾಡಿದರೆ ಸಾಲುವುದಿಲ್ಲ, ಆ ದಿನವನ್ನು ಮತ್ತೆ ಶೂಟ್ ಮಾಡಲು ಆಗುವುದಿಲ್ಲವಲ್ಲ. ಕರಾರು ಮುರಿದದ್ದಕ್ಕೆ ಮನನೋವಿನ ಪರಿಹಾರ ಕೊಡಲು ಕೋರ್ಟುಗಳು ಸಾಮಾನ್ಯವಾಗಿ ಹಿಂಜರಿಯುತ್ತವೆ. ಆದರೆ ಮದುವೆ ಫೋಟೋ ವಿಷಯದಲ್ಲಿ ಸ್ಕಾಟ್ಲೆಂಡಿನ ಒಂದು ಕೋರ್ಟು 1971ರಲ್ಲೇ ಕೊಟ್ಟಿದೆ. ಡೀಸನ್ ವಿರುದ್ಧ ಸ್ಯಾಮ್ಸನ್ ಅನ್ನುವ ಆ ಕೇಸಿನಲ್ಲಿ ಫೋಟೋಗ್ರಾಫರ್ ಮದುವೆಗೆ ಬಂದೇ ಇರಲಿಲ್ಲ. ನಮ್ಮಲ್ಲಿ ಗ್ರಾಹಕ ಆಯೋಗಗಳು ಮಾನಸಿಕ ಯಾತನೆಗೆ ಪರಿಹಾರ ಕೊಡುವುದು ರೂಢಿಯಲ್ಲೇ ಇದೆ.

ಗ್ರಾಹಕ ಆಯೋಗದ ದಾರಿ ಅಂದುಕೊಂಡಷ್ಟು ಕಷ್ಟವಲ್ಲ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯ ಪ್ರಕಾರ ನೀವು ವಾಸ ಇರುವ ಜಿಲ್ಲೆಯಲ್ಲೇ ದೂರು ಕೊಡಬಹುದು, ಸ್ಟುಡಿಯೋ ಇರುವ ಊರಿಗೆ ಅಲೆಯಬೇಕಿಲ್ಲ. ಯಾವ ಆಯೋಗ ಅನ್ನುವುದು ನೀವು ಕೊಟ್ಟ ಹಣದ ಮೇಲೆ ನಿಂತಿದೆ, ಕೇಳುವ ಪರಿಹಾರದ ಮೇಲಲ್ಲ. 50 ಲಕ್ಷದವರೆಗೆ ಜಿಲ್ಲಾ ಆಯೋಗ. ಕೊಟ್ಟ ಹಣ 5 ಲಕ್ಷದ ಒಳಗಿದ್ದರೆ ಶುಲ್ಕವೇ ಇಲ್ಲ. ಎರಡು ವರ್ಷದ ಒಳಗೆ ಹೋಗಬೇಕು. ಮೊದಲು ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಫೋನ್ ಮಾಡಿ ನೋಡಿ, ಕೆಲವು ಸಲ ಅಲ್ಲೇ ಬಗೆಹರಿಯುತ್ತದೆ. ಒಂದು ಒಳಗುಟ್ಟು ಹೇಳುತ್ತೇನೆ. ‘ಈ ಕರಾರೇ ಅನ್ಯಾಯದ್ದು, ರದ್ದು ಮಾಡಿ’ ಅಂತ ಬರೆದರೆ ಅದು ರಾಜ್ಯ ಆಯೋಗಕ್ಕೆ ಹೋಗಬೇಕಾದ ದೂರು. ‘ಸೇವೆಯಲ್ಲಿ ಲೋಪವಾಗಿದೆ, ಹಣ ಹಿಂದಿರುಗಿಸಲಿಲ್ಲ’ ಅಂತ ಬರೆದರೆ ಜಿಲ್ಲಾ ಆಯೋಗದಲ್ಲೇ ನಡೆಯುತ್ತದೆ. ಕಂಪನಿಯ ಜಾಹೀರಾತಿಗೆ ಶೂಟ್ ಮಾಡಿಸಿದ್ದರೆ ಮಾತ್ರ ನಿಮ್ಮನ್ನು ಗ್ರಾಹಕ ಅನ್ನುವುದು ಕಷ್ಟ, ಅದಕ್ಕೆ ಸಿವಿಲ್ ಕೋರ್ಟು.

ಚಾಟ್‌ಗಳ ಸ್ಕ್ರೀನ್‌ಶಾಟ್ ಮಾತ್ರ ನಂಬಿಕೊಳ್ಳಬೇಡಿ. ಪೂರ್ತಿ ಚಾಟ್ ಎಕ್ಸ್‌ಪೋರ್ಟ್ ಮಾಡಿ, ಫೋನನ್ನೂ ಬದಲಿಸದೆ ಇಟ್ಟುಕೊಳ್ಳಿ. 2023ರ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಸೆಕ್ಷನ್ ಇಂಥ ಎಲೆಕ್ಟ್ರಾನಿಕ್ ಸಾಕ್ಷ್ಯಕ್ಕೆ ಕೇಳುವ ಪ್ರಮಾಣಪತ್ರವನ್ನು ನಿಮ್ಮ ವಕೀಲರು ಮಾಡಿಸುತ್ತಾರೆ.

ಬಾಕಿ ಕೊಡುವವರೆಗೆ ಫೋಟೋ ಕೊಡುವುದಿಲ್ಲ ಅನ್ನುವ ಹಟಕ್ಕೆ ಇನ್ನೊಂದು ಮುಖ ಇದೆ. 1957ರ ಕಾಪಿರೈಟ್ ಕಾಯ್ದೆಯ 17ನೇ ಸೆಕ್ಷನ್ ಪ್ರಕಾರ, ಹಣ ಕೊಟ್ಟು ತೆಗೆಸಿದ ಫೋಟೋದ ಮೊದಲ ಹಕ್ಕುದಾರರು ತೆಗೆಸಿದವರೇ, ಕರಾರಿನಲ್ಲಿ ಬೇರೆ ಥರ ಬರೆದಿಲ್ಲದಿದ್ದರೆ. ಅಮೆರಿಕದಲ್ಲಿ ಸಾಮಾನ್ಯವಾಗಿ ಇದು ಉಲ್ಟಾ, ಹಕ್ಕು ಫೋಟೋಗ್ರಾಫರ್‌ದು. ಅಲ್ಲಿನ ಕರಾರಿನ ನಮೂನೆಯನ್ನು ಇಲ್ಲಿ ಹಾಗೇ ಇಳಿಸಿಕೊಂಡವರು ಎಷ್ಟೋ ಜನ, ಹಾಗಾಗಿ ನಿಮ್ಮ ಕಾಗದದಲ್ಲಿ ಹಕ್ಕು ಯಾರಿಗೆ ಬರೆದಿದೆ ನೋಡಿಕೊಳ್ಳಿ. ಹಕ್ಕು ನಿಮ್ಮದಾದ ಮಾತ್ರಕ್ಕೆ ಕ್ಯಾಮೆರಾದಿಂದ ಬಂದ, ಎಡಿಟ್ ಮಾಡದ ರಾ ಫೈಲ್ ಕೊಡಲೇಬೇಕು ಅಂತಲ್ಲ, ಅದನ್ನು ಬೇರೆಯಾಗಿಯೇ ಬರೆಸಿಕೊಳ್ಳಬೇಕು. ಬಾಕಿಯನ್ನು ತಡೆಹಿಡಿಯುವುದಾದರೂ ಪೂರ್ತಿ ತಡೆಹಿಡಿಯಬೇಡಿ. ಆಗಿರುವ ಕೆಲಸದ ಹಣ ಕೊಟ್ಟು, ಆಗದ ಕೆಲಸದ ಹಣ ಉಳಿಸಿಕೊಂಡವರ ಮಾತಿಗೆ ಆಯೋಗದ ಮುಂದೆ ತೂಕ ಜಾಸ್ತಿ.

ಕೋಪದಲ್ಲಿ ‘ಕಳ್ಳ, ಮೋಸಗಾರ’ ಅಂತ ರಿವ್ಯೂ ಬರೆದು ಬರುವವರೂ ಇದ್ದಾರೆ. ಅದು ಮಾನನಷ್ಟದ ನೋಟಿಸಿಗೆ ದಾರಿ ಮಾಡಿಕೊಡುತ್ತದೆ, ಆಮೇಲೆ ನಿಮ್ಮ ಹಣದ ಮಾತು ಹಿಂದಕ್ಕೆ ಸರಿಯುತ್ತದೆ. ಆದದ್ದನ್ನಷ್ಟೇ ಬರೆಯಿರಿ: ಇಂಥ ತಾರೀಕಿಗೆ ಕೊಡುತ್ತೇವೆ ಅಂದರು, ಇನ್ನೂ ಕೊಟ್ಟಿಲ್ಲ. ಇಂಥ ಜಗಳಗಳಲ್ಲಿ ಬಹುಪಾಲು ಕೊನೆಗೆ ರಾಜಿಯಲ್ಲೇ ಮುಗಿಯುತ್ತವೆ. ರಾಜಿ ಆದರೆ ಒಂದು ಪುಟದ ಕಾಗದ ಮಾಡಿಕೊಳ್ಳಿ. ಎಷ್ಟು ಹಣ ಯಾವ ದಿನ ವಾಪಸ್, ಯಾವ ಫೈಲುಗಳು ಯಾವುದರಲ್ಲಿ ಕೊಡುತ್ತಾರೆ, ರಿವ್ಯೂ ಏನಾಗಬೇಕು, ಅವರ ಹತ್ತಿರ ಇರುವ ನಿಮ್ಮ ಫೋಟೋಗಳನ್ನು ಅವರು ಎಲ್ಲೂ ಹಾಕಬಾರದೋ ಹಾಕಬಹುದೋ. ರಿವ್ಯೂ ತೆಗೆಯುವುದು ಹಣ ಖಾತೆಗೆ ಬಿದ್ದ ಮೇಲೆ ಅಂತ ಅದರಲ್ಲೇ ಬರೆಸಿ.